ಕಸ್ಸಾನೊನ ಮೇಲೆ ನನಗಿರುವ ಸಿಟ್ಟು ಬೇರೆಯದು

ಮೊನ್ನೆ ಗೆಳೆಯರ ನಡುವೆ ಮಾತು ಎಲ್ಲಿಂದಲೋ ಶುರುವಾಗಿ ಇಟಲಿಯ ಫುಟ್‌ಬಾಲ್ ಆಟಗಾರ ಅಂತೋನಿಯೊ ಕಸ್ಸಾನೊನ ಹತ್ತಿರ ಬಂದು ನಿಂತಿತು. "ಅಷ್ಟೊಂದು ಪ್ರತಿಭೆ ಇಟ್ಟುಕೊಂಡು ಹಾಳಾಗಿ ಹೋದ" ಅಂತ ಒಬ್ಬರು ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ಈ ಮಾತನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಸುಳ್ಳಲ್ಲ. ಆದರೆ ಅವನ ಮೇಲೆ ನನಗಿರುವ ಸಿಟ್ಟು ಬೇರೆಯದು, ಪ್ರೀತಿಯೂ ಬೇರೆಯದು. ಅಲ್ಲಿ ಟೀ ಕುಡಿಯುತ್ತಾ ಹೇಳಿ ಮುಗಿಸುವಂಥದ್ದಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

1982ರ ಜುಲೈ 11ರ ರಾತ್ರಿ ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿಯನ್ನು 3-1ರಿಂದ ಸೋಲಿಸಿ ಇಟಲಿ ವಿಶ್ವಕಪ್ ಗೆದ್ದಿತು. ಮಾರನೆಯ ದಿನ, ದೇಶಕ್ಕೆ ದೇಶವೇ ಇನ್ನೂ ಸಂಭ್ರಮದಲ್ಲಿದ್ದಾಗ, ದಕ್ಷಿಣದ ಬಾರಿ ಎಂಬ ಬಂದರು ಪಟ್ಟಣದಲ್ಲಿ ಕಸ್ಸಾನೊ ಹುಟ್ಟಿದ. ಅಪ್ಪ ಬಿಟ್ಟು ಹೋದ, ಅಮ್ಮ ಒಬ್ಬಳೇ ಸಾಕಿದಳು. ಅವರಿದ್ದದ್ದು ಬಾರಿ ವೆಕ್ಕಿಯಾ ಅನ್ನುವ ಹಳೇ ಪೇಟೆಯಲ್ಲಿ. ಕಲ್ಲು ಹಾಸಿದ ಇಕ್ಕಟ್ಟಾದ ಓಣಿಗಳು. ಆ ಕಾಲಕ್ಕೆ ಸರಗಳ್ಳತನಕ್ಕೂ ಕಳ್ಳಸಾಗಣೆಗೂ ಹೆಸರಾಗಿದ್ದ ಜಾಗ. ಫುಟ್‌ಬಾಲ್ ಇಲ್ಲದಿದ್ದರೆ ತಾನೂ ಕಳ್ಳನೋ ರೌಡಿಯೋ ಆಗಿರುತ್ತಿದ್ದೆ ಅಂತ ಅವನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ.

1999ರ ಡಿಸೆಂಬರ್ 18. ಬಾರಿ ತಂಡದ ತವರು ಮೈದಾನಕ್ಕೆ ಮಿಲಾನ್ ನಗರದ ದೊಡ್ಡ ಕ್ಲಬ್ಬು ಇಂಟರ್ ಬಂದಿತ್ತು. ಕಸ್ಸಾನೊನಿಗೆ ಹದಿನೇಳು, ಅದಕ್ಕೆ ಒಂದೇ ವಾರದ ಹಿಂದೆ ಮೊದಲ ಸಲ ಲೀಗ್‌ನಲ್ಲಿ ಆಡಿದ್ದ. ಪಂದ್ಯ 1-1. 88ನೇ ನಿಮಿಷದಲ್ಲಿ ಸಿಮೋನೆ ಪೆರೊತ್ತಾ ತಮ್ಮ ಅರ್ಧದಿಂದ ಉದ್ದಕ್ಕೆ ಒಂದು ಚೆಂಡು ಎತ್ತಿ ಹಾಕಿದ. ಹುಡುಗ ಗೋಲಿನ ಕಡೆ ಮುಖ ಮಾಡಿ ಓಡುತ್ತಿದ್ದಾನೆ, ಚೆಂಡು ಹಿಂದಿನಿಂದ ತಲೆಯ ಮೇಲೆ ಬರುತ್ತಿದೆ. ಓಟ ನಿಲ್ಲಿಸದೆ ಹಿಮ್ಮಡಿಯಿಂದ ಅದನ್ನು ಮೇಲಕ್ಕೆ ಚಿಮ್ಮಿಸಿದ, ನೆಲಕ್ಕೆ ಬೀಳುವ ಮೊದಲೇ ತಲೆಯಿಂದ ಮುಂದಕ್ಕೆ ತಳ್ಳಿದ. ಎದುರಿಗಿದ್ದವರು ಯಾರು? ಒಂದೂವರೆ ವರ್ಷದ ಹಿಂದೆ ಫ್ರಾನ್ಸ್ ಜೊತೆ ವಿಶ್ವಕಪ್ ಎತ್ತಿದ ಲೊರಾಂ ಬ್ಲಾಂ, ರಿಯಲ್ ಮ್ಯಾಡ್ರಿಡ್‌ನಲ್ಲಿ ಆಡಿ ಬಂದಿದ್ದ ಪನೂಚ್ಚಿ. ಇಬ್ಬರ ಮಧ್ಯದಿಂದ ನುಸುಳಿ ಗೋಲು ಹೊಡೆದ. ಆ ವಿಡಿಯೊವನ್ನು ನಾನೆಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲವೂ ಕಣ್ಣು ಹೋಗುವುದು ಆ ಹಿಮ್ಮಡಿಗೆ. ಓಣಿಯಲ್ಲಿ ಗೋಡೆಗೆ ಬಡಿದು ಹೇಗೆಂದರೆ ಹಾಗೆ ಪುಟಿಯುವ ಚೆಂಡಿನ ಜೊತೆ ಬೆಳೆದ ಕಾಲು ಅದು.

ಅದೇ ಪಂದ್ಯದಲ್ಲಿ ಬಾರಿಗೆ ಮೊದಲ ಗೋಲು ತಂದುಕೊಟ್ಟವನು ಹ್ಯೂಗೊ ಎನ್ಯಿನ್ನಾಯಾ ಎಂಬ ಹದಿನೆಂಟರ ನೈಜೀರಿಯಾದ ಹುಡುಗ. ಬಹಳ ದೂರದಿಂದ ಬಾರಿಸಿದ ಗೋಲು, ಅದೂ ಅದ್ಭುತವೇ. ಮುಂದೆ ಅವನು ಕೆಳಗಿನ ದರ್ಜೆಯ ತಂಡಗಳಲ್ಲಿ, ಪೋಲೆಂಡಿನಲ್ಲಿ ಆಡಿಕೊಂಡಿದ್ದ. ಅವನ ಬಗ್ಗೆ ಯಾರೂ "ಹಾಳಾಗಿ ಹೋದ" ಅನ್ನುವುದಿಲ್ಲ, ಹೆಸರೇ ಯಾರಿಗೂ ನೆನಪಿಲ್ಲ. ಹಾಳಾದ ಅನ್ನಿಸಿಕೊಳ್ಳಬೇಕಾದರೂ ಮೊದಲು ಊರಿನವರೆಲ್ಲ ಸೇರಿ ನಿನ್ನ ತಲೆ ಮೇಲೊಂದು ಕಿರೀಟ ಇಟ್ಟಿರಬೇಕು. ಆ ರಾತ್ರಿ ಎಲ್ಲರೂ ಕಿರೀಟ ಇಟ್ಟದ್ದು ಕಸ್ಸಾನೊನ ತಲೆಗೆ.

2001ರಲ್ಲಿ ರೋಮಾ ಅವನಿಗೆ ಕೊಟ್ಟದ್ದು 60 ಶತಕೋಟಿ ಲೀರಾ, ಅಂದರೆ ಸುಮಾರು 3 ಕೋಟಿ ಯೂರೊ. ವಯಸ್ಸು ಹತ್ತೊಂಬತ್ತು. ಪಕ್ಕದಲ್ಲಿ ರೋಮಾದ ನಾಯಕ ತೊತ್ತಿ, ಕೋಚ್ ಆಗಿ ಫಾಬಿಯೊ ಕಪೆಲ್ಲೊ. ಇವನ ಹುಚ್ಚಾಟ ನೋಡಿ ನೋಡಿ ಸಾಕಾಗಿ ಕಪೆಲ್ಲೊ ಒಂದು ಶಬ್ದವನ್ನೇ ಹುಟ್ಟುಹಾಕಿದರು: ಕಸ್ಸಾನಾತಾ. ಕಸ್ಸಾನೊ ಮಾತ್ರ ಮಾಡಬಲ್ಲ ಅವಿವೇಕ ಅಂತ ಅರ್ಥ. ಅಷ್ಟಿದ್ದರೂ 2003-04ರಲ್ಲಿ ತೊತ್ತಿ ಮತ್ತು ಇವನು ಜೊತೆಯಾಗಿ ಆಡಿದ ಆಟ ಇದೆಯಲ್ಲ, ನೋಡಿದವರು ಮರೆಯಲಾರರು. ಫೆಬ್ರವರಿಯಲ್ಲಿ ಯುವೆಂಟಸ್‌ಗೆ ನಾಲ್ಕು ಗೋಲು ಹೊಡೆದ ರಾತ್ರಿ ಎರಡು ಇವನವು. ಖುಷಿ ತಡೆಯಲಾರದೆ ಮೈದಾನದ ಮೂಲೆಯ ಬಾವುಟದ ಕೋಲನ್ನೇ ಮುರಿದು ಹಾಕಿದ.

ಆ ಜೂನ್‌ನಲ್ಲಿ ಪೋರ್ಚುಗಲ್‌ನಲ್ಲಿ ಯೂರೊ ಕಪ್. ಜೂನ್ 22, ಇಟಲಿ ಮತ್ತು ಬಲ್ಗೇರಿಯಾ, ಗಿಮರಾಯ್ಶ್ ಎಂಬ ಊರಲ್ಲಿ. ನಮ್ಮಲ್ಲಿ ರಾತ್ರಿ ಹನ್ನೆರಡೂ ಕಾಲಿಗೆ ಶುರು. ನಾನೂ ಅಣ್ಣನೂ ಟಿವಿ ಸದ್ದು ಪೂರ್ತಿ ಇಳಿಸಿ ಕೂತಿದ್ದೆವು. ಇಟಲಿ ಗೆದ್ದರಷ್ಟೇ ಸಾಲದು, ಅದೇ ಹೊತ್ತಿಗೆ ನಡೆಯುತ್ತಿದ್ದ ಡೆನ್ಮಾರ್ಕ್-ಸ್ವೀಡನ್ ಪಂದ್ಯ 2-2ರಲ್ಲಿ ಮುಗಿಯಬಾರದು. ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಕಸ್ಸಾನೊ ಗೋಲು ಹೊಡೆದ, 2-1. ಕೈಯಗಲಿಸಿ ನಗುತ್ತಾ ಬೆಂಚಿನ ಕಡೆ ಓಡಿದ. ಅಲ್ಲಿದ್ದವರು ಯಾರೂ ನಗುತ್ತಿರಲಿಲ್ಲ. ಆ ಕಡೆಯ ಪಂದ್ಯ 2-2 ಆಗಿತ್ತು, ಇಟಲಿ ಮನೆಗೆ. ಓಡುತ್ತಿದ್ದ ಹಾಗೇ ಅವನ ಮುಖದ ನಗು ಅಳುವಾದದ್ದನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿತು. ಪಕ್ಕದಲ್ಲಿ ಅಣ್ಣ "ಅಯ್ಯೋ ಪಾಪ, ಇವನಿಗಿನ್ನೂ ಗೊತ್ತೇ ಇಲ್ಲ ಕಣೋ" ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ನಾನು ಅವನ ಪಕ್ಷ ಸೇರಿದ್ದು ಆ ರಾತ್ರಿ. ಗೆದ್ದು ಸೋತವನ ಮುಖ ಅಷ್ಟು ಹತ್ತಿರದಿಂದ ನೋಡಿದ ಮೇಲೆ ಬಿಟ್ಟುಕೊಡುವುದಕ್ಕೆ ಆಗಲಿಲ್ಲ.

2006ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್. ಜನ ಅವನನ್ನು ಬೈಯುವುದು ಹೆಚ್ಚಾಗಿ ಈ ಭಾಗಕ್ಕೆ. ಹೊಟ್ಟೆ ಬಂತು. ತೂಕ ಇಳಿಸದಿದ್ದರೆ ಕ್ಲಬ್ಬು ದಂಡ ಹಾಕುತ್ತಿದೆ ಅಂತ ಪತ್ರಿಕೆಗಳು ಬರೆದವು. ಹೋಟೆಲಿನ ಮಾಣಿಯೊಬ್ಬ ಮಧ್ಯರಾತ್ರಿ ತನಗೆ ಸಿಹಿತಿಂಡಿ ತಂದುಕೊಡುತ್ತಿದ್ದ ಅಂತ ಆಮೇಲೆ ಅವನೇ ಆತ್ಮಕಥೆಯಲ್ಲಿ ಹೇಳಿದ. ಆ ವರ್ಷದ ವಿಶ್ವಕಪ್ ಆದ ಮೇಲೆ ಕೋಚ್ ಆಗಿ ಮತ್ತೆ ಕಪೆಲ್ಲೊ ಬಂದರು, ಮತ್ತೆ ಜಗಳ, ತಂಡದಿಂದ ಹೊರಗೆ. ಅದಕ್ಕೂ ಮೊದಲೇ, ಹೆಚ್ಚು ಆಡದೇ ಕೂತವನನ್ನು ಇಟಲಿ ತಂಡದ ಕೋಚ್ ಮಾರ್ಚೆಲ್ಲೊ ಲಿಪ್ಪಿ ಆ ವಿಶ್ವಕಪ್‌ಗೆ ಕರೆದಿರಲಿಲ್ಲ. ಬಾರಿಯ ಆ ಗೋಲು ಬಿದ್ದಾಗ ಇಂಟರ್ ತಂಡದ ಕೋಚ್ ಆಗಿ ಬೆಂಚಿನಲ್ಲಿ ಕೂತಿದ್ದವರು ಇದೇ ಲಿಪ್ಪಿ, ಈ ಹುಡುಗ ಏನು ಮಾಡಬಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. 2006ರ ಜುಲೈ 9ರಂದು ಬರ್ಲಿನ್‌ನಲ್ಲಿ ಇಟಲಿ ಕಪ್ ಎತ್ತಿತು. ತಂಡದಲ್ಲಿ ತೊತ್ತಿ ಇದ್ದ, ಅಂದು ಚೆಂಡು ಎತ್ತಿ ಹಾಕಿದ ಪೆರೊತ್ತಾ ಕೂಡ ಇದ್ದ. ಮೂರು ದಿನ ಕಳೆದರೆ ಕಸ್ಸಾನೊನಿಗೆ ಇಪ್ಪತ್ತನಾಲ್ಕು. ಹಿಂದಿನ ಕಪ್‌ಗೆ ಒಂದು ದಿನ ತಡವಾಗಿ ಹುಟ್ಟಿದವನು ಈ ಕಪ್ಪನ್ನು ಕೈಯಾರೆ ಕಳೆದುಕೊಂಡ.

ಬೇಸರ ಆಗುತ್ತದೆ, ನಿಜ. ಆದರೆ ಇದಕ್ಕೆ ನಾನು ಅವನನ್ನು ಬೈಯುವುದಿಲ್ಲ. ಆತ್ಮಕಥೆ ಬಂದ ಸಮಯದಲ್ಲಿ ಅವನೊಂದು ಲೆಕ್ಕ ಹೇಳಿದ್ದ: ಹದಿನೇಳು ವರ್ಷ ದರಿದ್ರನಾಗಿ ಬದುಕಿದ್ದೇನೆ, ಒಂಬತ್ತು ವರ್ಷ ಶ್ರೀಮಂತನಾಗಿ, ಲೆಕ್ಕ ಸರಿಹೋಗಲು ಇನ್ನೂ ಎಂಟು ವರ್ಷ ಬಾಕಿ. ನಾವೆಲ್ಲ ಇಂಟರ್ ವಿರುದ್ಧದ ಆ ಗೋಲನ್ನು ಒಂದು ಪ್ರಯಾಣದ ಮೊದಲ ಹೆಜ್ಜೆ ಅಂದುಕೊಂಡೆವು. ಅವನಿಗೆ ಅವತ್ತೇ ಊರು ತಲುಪಿದಂತಾಗಿತ್ತು. ಓಣಿಯಿಂದ ಹೊರಗೆ ಬರಬೇಕಿತ್ತು, ಬಂದ. ಆಮೇಲಿನದ್ದೆಲ್ಲ ನಾವು ಅವನ ಮೇಲೆ ಹೊರಿಸಿದ ಆಸೆ. ಅವನ ಕಾಲು, ಅವನ ಬದುಕು, ಸಿಹಿ ತಿಂದರೆ ಕರಗಿದ್ದು ಅವನದೇ ವರ್ಷಗಳು.

ನನ್ನ ಸಿಟ್ಟು ಇರುವುದು ಜೆನೊವಾದ ವಿಷಯಕ್ಕೆ.

2007ರಲ್ಲಿ ಯಾರಿಗೂ ಬೇಡವಾದವನನ್ನು ಕರೆದುಕೊಂಡದ್ದು ಜೆನೊವಾದ ಸಂಪ್‌ಡೋರಿಯಾ. ದೊಡ್ಡ ಕ್ಲಬ್ಬಲ್ಲ, ಆದರೆ ಮನಸ್ಸು ದೊಡ್ಡದು. ಅಧ್ಯಕ್ಷ ರಿಕಾರ್ಡೊ ಗರೋನೆ ಎಂಬ ಹಿರಿಯರು. ಇಲ್ಲಿ ಕಸ್ಸಾನೊ ಚಿಗುರಿದ. ಜಾಂಪಾವೊಲೊ ಪಾಟ್ಸೀನಿ ಜೊತೆ ಅವನ ಜೋಡಿ ಹೇಗಿತ್ತೆಂದರೆ ಒಬ್ಬ ಬಡಿಸುವವನು, ಒಬ್ಬ ಉಣ್ಣುವವನು. 2010ರ ಏಪ್ರಿಲ್‌ನಲ್ಲಿ ರೋಮ್‌ನಲ್ಲೇ ರೋಮಾವನ್ನು 2-1ರಿಂದ ಸೋಲಿಸಿದಾಗ ಇವನು ಕಳಿಸಿದ ಚೆಂಡಿಗೆ ಪಾಟ್ಸೀನಿ ತಲೆ ಕೊಟ್ಟದ್ದನ್ನು ನೋಡಬೇಕು. ರೋಮಾದ ಕೈಯಿಂದ ಲೀಗ್ ಪ್ರಶಸ್ತಿ ಜಾರಿದ್ದು ಆ ದಿನ. ಸಂಪ್‌ಡೋರಿಯಾ ನಾಲ್ಕನೇ ಸ್ಥಾನಕ್ಕೆ ಬಂತು, ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತು ಆಡಿತು. ಮಧ್ಯೆ ಕೋಚ್ ಜೊತೆ ಮುನಿಸಿ ಕೆಲ ವಾರ ಹೊರಗೆ ಕೂತದ್ದೂ ಉಂಟು, ಆದರೂ ಕ್ಲಬ್ಬು ಕೈಬಿಡಲಿಲ್ಲ.

ಆ ಅಕ್ಟೋಬರ್‌ನಲ್ಲಿ ಗರೋನೆ ಒಂದು ಸಣ್ಣ ವಿಷಯ ಕೇಳಿದರು. ಪ್ರಶಸ್ತಿ ಸಮಾರಂಭ ಒಂದಿದೆ, ಬಾ ಅಂತ. ಇವನು ಬರಲ್ಲ ಅಂದ. ಅಷ್ಟಕ್ಕೇ ನಿಂತಿದ್ದರೆ ಸರಿ. ಎಪ್ಪತ್ತನಾಲ್ಕು ವರ್ಷದ ಮನುಷ್ಯನಿಗೆ, ಉಳಿದ ಆಟಗಾರರ ಎದುರಿಗೇ, ಬಾಯಿಗೆ ಬಂದ ಹಾಗೆ ಹೊಲಸು ಬೈದ. ಉಂಡ ಮನೆಗೆ ಎರಡು ಬಗೆಯುವುದು ಅಂತೀವಲ್ಲ, ಅದು. ಕ್ಷಮೆ ಕೇಳಿದ ಅಂತಲೂ ಸುದ್ದಿ ಬಂತು, ಆದರೆ ಗರೋನೆ ಅವರ ಮನಸ್ಸು ಮುರಿದಿತ್ತು. ವಿಷಯ ಮಧ್ಯಸ್ಥಿಕೆ ಮಂಡಳಿಗೆ ಹೋಯಿತು. ಅವನು ಮತ್ತೆ ಆ ಅಂಗಿಯಲ್ಲಿ ಆಡಲೇ ಇಲ್ಲ. ಜನವರಿಯಲ್ಲಿ ಮಿಲಾನ್ ಕ್ಲಬ್ಬಿಗೆ ಹೊರಟ. ಅದೇ ತಿಂಗಳು ಪಾಟ್ಸೀನಿಯೂ ಇಂಟರ್‌ಗೆ ಹೋದ.

2011ರ ಮೇ 7ರಂದು ಮಿಲಾನ್ ಲೀಗ್ ಗೆದ್ದಿತು, ಕಸ್ಸಾನೊನ ಬದುಕಿನ ಏಕೈಕ ಇಟಲಿ ಲೀಗ್ ಪ್ರಶಸ್ತಿ. ಎಂಟು ದಿನದ ನಂತರ, ಮೇ 15ರಂದು, ಸಂಪ್‌ಡೋರಿಯಾ ತನ್ನದೇ ಮೈದಾನದಲ್ಲಿ ಪಲೆರ್ಮೊ ಎದುರು ಸೋತು ಎರಡನೇ ದರ್ಜೆಗೆ ಬಿತ್ತು. ಒಂದು ವರ್ಷದ ಹಿಂದೆ ನಾಲ್ಕನೆಯ ಸ್ಥಾನ ಗೆದ್ದು ಕುಣಿದಿದ್ದ ಅದೇ ಗ್ಯಾಲರಿಯ ಮುಂದೆ ನಾಯಕ ಆಂಜೆಲೊ ಪಲೊಂಬೊ ನಿಂತು ಬಿಕ್ಕಿ ಬಿಕ್ಕಿ ಅತ್ತ. ಇಡೀ ಪತನಕ್ಕೆ ಕಸ್ಸಾನೊ ಒಬ್ಬನೇ ಕಾರಣ ಅಂತ ನಾನು ಹೇಳುವುದಿಲ್ಲ, ಕೋಚ್ ಬದಲಾಗಿದ್ದರು, ಕ್ಲಬ್ಬಿನ ತೀರ್ಮಾನಗಳೂ ತಪ್ಪಿದವು. ಆದರೆ ಮೊದಲ ಇಟ್ಟಿಗೆ ಕಿತ್ತವನು ಅವನೇ. ಮ್ಯಾಡ್ರಿಡ್‌ನಲ್ಲಿ ಅವನು ಸುರಿದುಕೊಂಡದ್ದು ತನ್ನ ಪಾಲಿನದ್ದು. ಜೆನೊವಾದಲ್ಲಿ ಚೆಲ್ಲಿದ್ದು ಬೇರೆಯವರ ತಟ್ಟೆಯದ್ದು. "ಪ್ರತಿಭೆ ಪೋಲು ಮಾಡಿದ" ಅನ್ನುವಾಗ ನಾವು ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ, ನನಗೆ ಅದು ಒಪ್ಪಿಗೆಯಿಲ್ಲ.

2011ರ ಅಕ್ಟೋಬರ್ ಕೊನೆಯಲ್ಲಿ ಮಿಲಾನ್ ಪರ ರೋಮಾ ವಿರುದ್ಧ ಆಡಿ ಮರಳುವಾಗ ಅವನಿಗೆ ಪಾರ್ಶ್ವವಾಯುವಿನಂಥ ಆಘಾತ ಆಯಿತು. ಹೃದಯದಲ್ಲಿ ಹುಟ್ಟಿನಿಂದ ಮುಚ್ಚದೇ ಉಳಿದಿದ್ದ ಸಣ್ಣ ರಂಧ್ರ, ನವೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ. ಇನ್ನು ಮುಗಿಯಿತು ಅಂದುಕೊಂಡೆವು. ಮರುವರ್ಷದ ಏಪ್ರಿಲ್‌ಗೆ ಮೈದಾನಕ್ಕೆ ಮರಳಿದ. ಜೂನ್ 28ರಂದು ವಾರ್ಸಾದಲ್ಲಿ ಯೂರೊ ಸೆಮಿಫೈನಲ್, ಎದುರಿಗೆ ಜರ್ಮನಿ. ಮತ್ತೆ ನಮ್ಮ ರಾತ್ರಿ ಹನ್ನೆರಡೂ ಕಾಲು. ಈ ಸಲ ಅಣ್ಣ ಬೇರೆ ಊರಿನಲ್ಲಿ, ಫೋನಿನ ಆ ತುದಿಯಲ್ಲಿ. ಎಡಗಡೆ ಕಸ್ಸಾನೊ ಡಿಫೆಂಡರ್‌ಗಳಿಗೆ ಬೆನ್ನು ಕೊಟ್ಟು ಚೆಂಡು ಹಿಡಿದ, ಗಿರಕ್ಕನೆ ತಿರುಗಿ ಅವರಿಂದ ಬಿಡಿಸಿಕೊಂಡ, ಎಡಗಾಲಿನಿಂದ ಎತ್ತಿ ಜೊತೆಗಾರ ಬಲೊಟೆಲ್ಲಿಯ ಹಣೆಗೆ ಇಟ್ಟ. ಗೋಲು. ಪತ್ರಿಕೆಗಳಲ್ಲಿ ಎರಡನೇ ಗೋಲಿನ ನಂತರ ಅಂಗಿ ಬಿಚ್ಚಿ ನಿಂತ ಬಲೊಟೆಲ್ಲಿಯ ಚಿತ್ರ ಬಂತು. ನನ್ನ ಕಣ್ಣಲ್ಲಿ ಉಳಿದದ್ದು ಆ ತಿರುಗು. ಹದಿನೇಳರ ಹುಡುಗನ ಅದೇ ಕಾಲು. ಫೈನಲ್‌ನಲ್ಲಿ ಸ್ಪೇನ್ ನಾಲ್ಕು ಗೋಲು ಹೊಡೆದು ಮುಗಿಸಿತು.

ಮುಂದಿನದ್ದನ್ನು ಬೇಗ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಹೆಚ್ಚೇನೂ ಇಲ್ಲ. ಇಂಟರ್, ಆಮೇಲೆ ದಿವಾಳಿಯಾಗುತ್ತಿದ್ದ ಪಾರ್ಮಾ. 2014ರ ವಿಶ್ವಕಪ್‌ನಲ್ಲಿ ಬದಲಿ ಆಟಗಾರನಾಗಿ ಕೆಲವು ನಿಮಿಷ. 2017ರ ಜುಲೈನಲ್ಲಿ ವೆರೋನಾ ಸೇರಿ, ಕೆಲವೇ ದಿನಗಳಲ್ಲಿ ನಿವೃತ್ತಿ ಅಂದು, ಅದೇ ದಿನ ಇಲ್ಲ ಅಂದು, ವಾರದೊಳಗೆ ಹೊರಟೇ ಹೋದ. ದೇಶಕ್ಕಾಗಿ 39 ಪಂದ್ಯ, 10 ಗೋಲು.

ಒಂದನ್ನು ಮಾತ್ರ ಬಿಟ್ಟಿದ್ದೆ. 2015ರ ಆಗಸ್ಟ್‌ನಲ್ಲಿ, ಮೂವತ್ಮೂರನೇ ವಯಸ್ಸಿನಲ್ಲಿ, ಅವನು ಸಂಪ್‌ಡೋರಿಯಾಗೆ ಮರಳಿದ. ಬೇರೆ ಎಲ್ಲಿಗಾದರೂ ಹೋಗಬಹುದಿತ್ತು, ಅಲ್ಲಿಗೇ ಹೋದ. ಅದೇ ಮೈದಾನ, ಅದೇ ನೀಲಿ ಅಂಗಿ. ಅಧ್ಯಕ್ಷರ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಗರೋನೆ 2013ರ ಜನವರಿಯಲ್ಲೇ ತೀರಿಕೊಂಡಿದ್ದರು.