ಅಡಿಕೆಯನ್ನೂ ಕೊಯ್ಯದ ಕತ್ತಿ

ಕೌಂಟರ್-ಸ್ಟ್ರೈಕ್ ಎಂಬ ಕಂಪ್ಯೂಟರ್ ಆಟದಲ್ಲಿ ಪುಕ್ಕಟೆ ಸಿಗುವ ಚಾಕುವಿನಿಂದ ತಿವಿದರೆ ಎಷ್ಟು ಪೆಟ್ಟೋ, ಬೆಲೆ ಲಕ್ಷ ದಾಟಿದ ಕರಂಬಿಟ್ ಎಂಬ ಬಾಗಿದ ಚಾಕುವಿನಿಂದ ತಿವಿದರೂ ಅಷ್ಟೇ. ಬದಲಾಗುವುದು ಬಣ್ಣ, ಆಕಾರ, ಬೆರಳಲ್ಲಿ ತಿರುಗಿಸುವ ಗತ್ತು. ಇದನ್ನು ತೀರ್ಥಹಳ್ಳಿ ಕಡೆಯ ಯಾವ ಅಪ್ಪಯ್ಯನಿಗೂ ವಿವರಿಸಲು ಹೋಗಬಾರದು. “ಕೊಟ್ಟಿಗೆ ಮಾಡಿಗೆ ಸಿಕ್ಕಿಸಿದ ಕುಡುಗೋಲೂ ಹೀಗೇ ಬಾಗಿದ್ಯಲ್ಲ ಮಾರಾಯ, ಅದು ಹುಲ್ಲಾದ್ರೂ ಕೊಯ್ಯುತ್ತೆ” ಅಂದರೆ ಉತ್ತರವಿಲ್ಲ.

ಚಾಕು ಬೇಕೆಂದು ಕೇಸ್, ಅಂದರೆ ಒಳಗೇನಿದೆಯೋ ತಿಳಿಯದ ಪೆಟ್ಟಿಗೆ, ತೆರೆಯುತ್ತ ಕೂರುವವರಿಗೆ ಲೆಕ್ಕ ಹೇಳಿಬಿಡಬೇಕು. ಚಾಕು ಬೀಳುವ ಸಾಧ್ಯತೆ ಶೇ. 0.26, ಅಂದರೆ ಸರಾಸರಿ 385 ಕೇಸಿಗೆ ಒಂದು. ಕೇಸ್ ತೆರೆಯುವ ಕೀ ಒಂದಕ್ಕೆ 2.49 ಡಾಲರ್. 385 ತೆರೆದ ಮೇಲೂ ನೂರರಲ್ಲಿ ಸುಮಾರು 37 ಜನ ಬರಿಗೈ. ಮಿಕ್ಕವರಲ್ಲೂ ಅನೇಕರಿಗೆ ಬೀಳುವುದು ಯಾರೂ ಕೇಳದ ನವಾಜಾ ಎಂಬ ಚಾಕು. ಬೇಕಾದ ಚಾಕುವನ್ನು ನೇರ ಕೊಳ್ಳುವುದೇ ಅಗ್ಗ. ಅದರಲ್ಲೂ 2025ರ ಅಕ್ಟೋಬರ್‌ನಿಂದ ಐದು ಕೆಂಪು ದರ್ಜೆಯ ಸ್ಕಿನ್ (ಆಯುಧದ ಬಣ್ಣದ ಹೊದಿಕೆ) ಕೊಟ್ಟು ಒಂದು ಚಾಕು ಪಡೆಯಬಹುದಾಗಿದೆ. ಆ ಸುದ್ದಿ ಬಂದ ರಾತ್ರಿ ಚಾಕು ಕೂಡಿಟ್ಟವರ ಎದೆ ಧಸಕ್ಕೆಂದಿತು, ಕೆಂಪು ಸ್ಕಿನ್ ಕೂಡಿಟ್ಟವರು ಸಿಹಿ ಹಂಚಿದರು.

ಇನ್ನು ಪರೀಕ್ಷೆ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆಯಾಗುವ ಹಾಗೆ ಇಲ್ಲಿ ಸವೆತದ ಅಳತೆಯಾದ ಫ್ಲೋಟ್ ಎಂಬ ಸಂಖ್ಯೆ ದರ್ಜೆ ಕಟ್ಟುತ್ತದೆ. 0.07ರ ಕೆಳಗೆ ಫ್ಯಾಕ್ಟರಿ ನ್ಯೂ, 0.15ರವರೆಗೆ ಮಿನಿಮಲ್ ವೇರ್, 0.38ರವರೆಗೆ ಫೀಲ್ಡ್-ಟೆಸ್ಟೆಡ್, 0.45ರವರೆಗೆ ವೆಲ್-ವೋರ್ನ್, ಅದರಾಚೆ ಬ್ಯಾಟಲ್-ಸ್ಕಾರ್ಡ್. ವರ್ಷಗಟ್ಟಲೆ ಆಡಿದರೂ ಆ ಸಂಖ್ಯೆ ಕದಲದು, ಚಾಕು ಸವೆಯದು. ಆದರೆ 0.069ಕ್ಕೂ 0.071ಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಸೊನ್ನೆ. ದುಡ್ಡು ಹೆಚ್ಚು ಕೊಡುವುದು ಹೆಸರಿಗೆ!

ಹೆಸರು ನಂಬಿ ಕೆಡುವುದು ಇಲ್ಲಿಂದಲೇ ಶುರು. ಕ್ರಿಮ್ಸನ್ ವೆಬ್ ಎಂಬ ಬಣ್ಣದ ಚಾಕುವಿನ ಫ್ಲೋಟ್ ಹುಟ್ಟುವುದೇ 0.06ರಿಂದ, ಮುಗಿಯುವುದು 0.80ಕ್ಕೆ. ಫ್ಯಾಕ್ಟರಿ ನ್ಯೂಗೆ ಉಳಿಯುವುದು ಕೂದಲೆಳೆಯಷ್ಟು ಜಾಗ, ಅದಕ್ಕೇ ಆ ಬೆಲೆ. ಡಾಪ್ಲರ್ ಎಂಬ ಇನ್ನೊಂದು ಬಣ್ಣದ ಕಥೆ ತದ್ವಿರುದ್ಧ: ಅದು 0.08 ದಾಟುವುದೇ ಇಲ್ಲ, ಹಾಗಾಗಿ ಹೆಚ್ಚಿನವು ಫ್ಯಾಕ್ಟರಿ ನ್ಯೂ. ಅಲ್ಲಿ ಬೆಲೆ ಕಟ್ಟುವುದು ಫೇಸ್, ಅಂದರೆ ಬಣ್ಣದ ಬಗೆ. ಒಂದರಿಂದ ನಾಲ್ಕು ಫೇಸ್, ಮೇಲೆ ರೂಬಿ, ಸಫೈರ್, ಬ್ಲ್ಯಾಕ್ ಪರ್ಲ್. ಈ ಆಟ ಸಿಗುವ ಸ್ಟೀಮ್ ಜಾಲತಾಣದ ಮಾರುಕಟ್ಟೆಯಲ್ಲಿ ಎಲ್ಲದರ ಹೆಸರೂ ಬರೀ ಡಾಪ್ಲರ್! ನಾಲ್ಕನೇ ಫೇಸ್‌ನ ನೀಲಿ ತೋರಿಸಿ “ಸಫೈರ್ ಇದ್ದಂಗೇ ಇದೆ” ಅನ್ನುವವರ ಹತ್ತಿರ, “ಇದ್ದಂಗೋ, ಅದೇನೋ?” ಎಂದು ಕೇಳಿ. ಮಾತು ಬದಲಿಸುತ್ತಾರೆ.

ಕೇಸ್ ಹಾರ್ಡನ್ಡ್ ಎಂಬ ನೀಲಿ-ಹಳದಿ ಬಣ್ಣದಲ್ಲಿ ನೋಡಬೇಕಾದ್ದು ಪ್ಯಾಟರ್ನ್ ಸಂಖ್ಯೆ, ಅಂದರೆ ಚಿತ್ರದ ಯಾವ ತುಂಡು ಕೂತಿದೆ ಎಂಬ ಗುರುತು. ಕರಂಬಿಟ್‌ಗೆ 387 ಬಂದರೆ ಅಲಗು ತುಂಬ ನೀಲಿ, ಜಗತ್ತೇ ತಿರುಗಿ ನೋಡುತ್ತದೆ. ಅದೇ ಸಂಖ್ಯೆ ಬೇರೆ ಚಾಕುವಿಗೆ ಬಂದರೆ ಆ ಬಣ್ಣ ಬರಬೇಕೆಂದಿಲ್ಲ, ಯಾಕೆಂದರೆ ಒಂದೇ ಚಿತ್ರದ ಬೇರೆ ತುಂಡು ಪ್ರತಿ ಆಕಾರದ ಮೇಲೂ ಕೂರುತ್ತದೆ. ಸಂಖ್ಯೆ ಉರು ಹೊಡೆದು ತಪ್ಪು ಚಾಕು ಕೊಳ್ಳುವ ಬುದ್ಧಿವಂತರಿಗೆ ಬರವಿಲ್ಲ. ಇನ್ಸ್‌ಪೆಕ್ಟ್ ಒತ್ತಿ, ಎರಡೂ ಮಗ್ಗುಲು ತಿರುಗಿಸಿ. ಆಡುವಾಗ ಕಣ್ಣೆದುರಿಗಿರುವ ಮಗ್ಗುಲಿಗೇ ಬೆಲೆ. ಹಿಂಬದಿ ನೀಲಿ, ಎದುರಿಗೆ ಹಳದಿ ಎಂದರೆ ಆ ನೀಲಿಯನ್ನು ಮಾರಿದವನೇ ನೋಡಿಕೊಂಡು ಖುಷಿಪಡಲಿ. ಆಟದಲ್ಲಿ ಕೊಂದವರನ್ನು ಲೆಕ್ಕವಿಡುವ ಸ್ಟ್ಯಾಟ್‌ಟ್ರ್ಯಾಕ್‌ನಲ್ಲಿ ದೊಡ್ಡ ಎಣಿಕೆ ಕಂಡು ಮರುಳಾಗಬೇಡಿ, ಕೈ ಬದಲಾದರೆ ಅದು ಸೊನ್ನೆ.

ಟ್ರೇಡ್‌ನ, ಅಂದರೆ ಅದಲುಬದಲಿನ, ಪಾಡು ಬೇರೆ. ಆಗುಂಬೆ ಕಡೆಯ ಮಳೆಗೆ ಕರೆಂಟು ಹೋಯಿತೆಂದು ಗಾಬರಿ ಬೇಡ, ಆಫರ್ ಹಾಗೇ ಇರುತ್ತದೆ. ಒಪ್ಪಿಗೆ ಒತ್ತಬೇಕಾದ್ದು ಮೊಬೈಲಿನಲ್ಲಿ, ಸಿಗ್ನಲ್ ಇರುವುದು ಅಂಗಳದಾಚೆಯ ದಿಬ್ಬದಲ್ಲಿ. ಕೊಡೆ ಹಿಡಿದು, ಇಂಬಳ ಕೊಡವಿಕೊಳ್ಳುತ್ತ ಹೆಬ್ಬೆಟ್ಟು ಒತ್ತುವವರೇ ಮೋಸಗಾರರಿಗೆ ಪ್ರಿಯರು. “ನಮ್ಮ ಟೀಮಿಗೊಂದು ವೋಟ್ ಹಾಕು” ಎಂಬ ಲಿಂಕಿನಲ್ಲಿ ಲಾಗಿನ್ ಆದರೆ ನಿಮ್ಮ ಖಾತೆಯ ಹಿಡಿತ ಮೋಸಗಾರರ ಕೈಗೆ ಹೋಗುತ್ತದೆ. ಆಮೇಲೆ ನಿಜವಾದ ಆಫರ್ ರದ್ದಾಗಿ, ಅದೇ ಹೆಸರು, ಅದೇ ಫೋಟೋದ ಇನ್ನೊಬ್ಬನಿಂದ ಆಫರ್ ಬರುತ್ತದೆ. ಫೋಟೋ ಬಿಡಿ, ಖಾತೆ ತೆರೆದ ದಿನಾಂಕ, ಲೆವೆಲ್ ನೋಡಿ. 2025ರ ಜುಲೈನಿಂದ 7 ದಿನದೊಳಗೆ ಟ್ರೇಡ್ ಹಿಂದಕ್ಕೆ ತರುವ ಅನುಕೂಲವಿದೆ. ಆದರೆ ಒಂದನ್ನೇ ಆರಿಸಿ ತರಲಾಗದು.

ಮಾರಾಟಕ್ಕೆ ಇಟ್ಟರೂ ಕೊಳ್ಳುವವನು ಕೊಡುವ 115 ರೂಪಾಯಿಯಲ್ಲಿ ನಿಮಗೆ 100. ಆ 100 ಕೂಡ ಸ್ಟೀಮ್ ವಾಲೆಟ್‌ನಲ್ಲೇ ಉಳಿಯುತ್ತದೆ, ಬ್ಯಾಂಕಿಗೆ ಇಳಿಯುವುದಿಲ್ಲ. ಸೊಸೈಟಿ ಸಾಲದ ಕಂತಿಗೆ ಅದು ಬಾರದು. ಇನ್ನೊಂದು ಚಾಕು ಬೇಕಿದ್ದರೆ ಆದೀತು.