ತೊಟ್ಟಿಮನೆಗೊಂದು ಅಲಾರಂ

ಕಳೆದ ಮಾಘ ಮಾಸದ ಒಂದು ರಾತ್ರಿ ತೀರ್ಥಹಳ್ಳಿ ಸೀಮೆಯಲ್ಲಿರುವ ನಮ್ಮ ಹಳೆಯ ಮನೆಗೆ ಕಳ್ಳ ನುಗ್ಗಿ, ಒಂದು ಚೀಲ ಅಡಿಕೆಯನ್ನೂ ಚಿಕ್ಕಪ್ಪನ ಟಾರ್ಚನ್ನೂ ಹೊತ್ತೊಯ್ದ. ರಾಶಿ ಅಡಿಕೆ ಕ್ವಿಂಟಲಿಗೆ 50,000 ರೂಪಾಯಿಯ ಆಸುಪಾಸಿನಲ್ಲಿದ್ದ ಕಾಲವಾದ್ದರಿಂದ ಚೀಲ ಹೋದದ್ದು ಸಣ್ಣ ನಷ್ಟವೇನಲ್ಲ. ಆದರೆ ವಿಚಾರಿಸಲು ಬಂದವರೆಲ್ಲರ ಮುಂದೆ ಚಿಕ್ಕಪ್ಪ ಮರುಗಿದ್ದು ಟಾರ್ಚಿಗಾಗಿ. ಹಿಂದಿನ ದಿನವಷ್ಟೇ ಅದಕ್ಕೆ ಹೊಸ ಸೆಲ್ಲು ಹಾಕಿಸಿದ್ದರಂತೆ. ಕಳ್ಳ ತೋಟದ ದಾರಿಯಲ್ಲಿ ಎಡವದೆ ಹೋಗಲು ತಮ್ಮದೇ ಬೆಳಕು ಒದಗಿತಲ್ಲ ಎಂಬ ಸಂಕಟ ಅವರನ್ನು ವಾರಗಟ್ಟಲೆ ಕಾಡಿತು.

ಮನೆಗೆ ಅಲಾರಂ ಹಾಕಿಸಬೇಕೆಂದು ತೀರ್ಮಾನವಾದಾಗ ಅದನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂತು. ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೇನೆ. ಕಂಪ್ಯೂಟರ್ ಬಲ್ಲವನಿಗೆ ವೈರು ಇರುವ ಸಮಸ್ತ ವಸ್ತುಗಳೂ ಗೊತ್ತಿರುತ್ತವೆ ಎಂಬುದು ನಮ್ಮ ಕುಟುಂಬದ ಅಚಲ ನಂಬಿಕೆ. ಮಿಕ್ಸಿ ಕೆಟ್ಟಾಗಲೂ ನನಗೇ ಫೋನು ಬರುತ್ತದೆ.

ಆ ಮನೆಗೆ ಕಾವಲೇ ಇರಲಿಲ್ಲವೆಂದಲ್ಲ. ಕರಿಯನೆಂಬ ನಾಯಿಯಿದೆ, ಒಮ್ಮೆ ದೋಸೆ ಹಾಕಿದವರನ್ನು ಅದು ಜನ್ಮವಿಡೀ ನೆಂಟರೆಂದೇ ಭಾವಿಸುತ್ತದೆ. ಗೋಡೆಯ ಮೇಲೆ ಪರವಾನಗಿಯ ಕೋವಿಯೊಂದಿದೆ. ಚುನಾವಣೆ ಘೋಷಣೆಯಾದಾಗಲೆಲ್ಲ ಅದು ಪೊಲೀಸ್ ಠಾಣೆಗೆ ಹೋಗಿ ಕುಳಿತು, ಮತ ಎಣಿಕೆ ಮುಗಿದ ಮೇಲೆ ಮರಳುತ್ತದೆ. ಇವೆರಡಕ್ಕಿಂತ ನಂಬಿಕಸ್ತವಾದದ್ದು ಮಲಗುವ ಕೋಣೆಯಿಂದ ಉಗ್ರಾಣದ ಕಡೆಗೆ ಹೋಗುವ ಓಣಿಯ ಹಲಗೆ ನೆಲ. ಜಪಾನಿನ ಕ್ಯೋಟೋ ನಗರದ ನಿಜೋ ಕೋಟೆಯಲ್ಲಿ ಕಾಲಿಟ್ಟೊಡನೆ ಹಕ್ಕಿಯಂತೆ ಚಿಲಿಪಿಲಿಗುಟ್ಟುವ ನೆಲವಿದೆ, ಕಳ್ಳಹೆಜ್ಜೆಯ ಸುಳಿವಿಗಾಗಿಯೇ ಅದನ್ನು ಹಾಗೆ ಮಾಡಿದ್ದರೆಂಬ ಮಾತು ಪ್ರಚಲಿತದಲ್ಲಿದೆ ಎಂದು ನಾನು ವಿವರಿಸಿದಾಗ, ಚಿಕ್ಕಪ್ಪ ನಮ್ಮ ಹಲಗೆಗಳೇನೂ ಕಡಿಮೆಯಿಲ್ಲವೆಂದರು. ಬಳಿಕ, ಮೂರನೆಯದನ್ನು ದಾಟಿ ಐದನೆಯದರ ಅಂಚಿಗೆ ಕಾಲಿಟ್ಟರೆ ಒಂದಿಷ್ಟೂ ಸದ್ದಾಗುವುದಿಲ್ಲವೆಂದು ಸ್ವತಃ ನಡೆದು ತೋರಿಸಿದರು. ಎಪ್ಪತ್ತರ ವಯಸ್ಸಿನಲ್ಲಿ ಅವರ ಹೆಜ್ಜೆಯ ಲಾಘವವನ್ನು ಕಂಡು ನಾನು ಮೆಚ್ಚಿದೆನೇ ಹೊರತು ಬೇರೇನನ್ನೂ ಯೋಚಿಸಲಿಲ್ಲ.

ಅಲಾರಂ ಮಾರುವ ಕಂಪನಿಯಿಂದ ಶಿವಮೊಗ್ಗದ ಯುವಕನೊಬ್ಬ ಬಂದ. ಅವನಿಗೂ ನನಗೂ ಬೆಲ್ಲದ ಕಾಫಿ, ಚಿಕ್ಕಪ್ಪನಿಗೆ ವೈದ್ಯರ ಅಪ್ಪಣೆಯಂತೆ ಸಪ್ಪೆ ಕಾಫಿ ಬಂತು. ಮನೆಗೆ ಎಷ್ಟು ಬಾಗಿಲುಗಳಿವೆ ಎಂದು ಅವನು ಕೇಳಿದ್ದೇ ತಡ, ಮಾತು ಹಾದಿ ತಪ್ಪಿತು. ಚಿಕ್ಕಪ್ಪ ಹನ್ನೊಂದು ಎಂದರು. ಚಿಕ್ಕಮ್ಮ ಬಚ್ಚಲು, ಕೊಟ್ಟಿಗೆ, ಹಿತ್ತಿಲುಗಳನ್ನು ಸೇರಿಸಿ ಹದಿನಾಲ್ಕು ಎಂದರು. ನಾನು ಸುತ್ತು ಹಾಕಿ ಎಣಿಸಿದಾಗ ಸಿಕ್ಕಿದ್ದು ಹದಿಮೂರು. ಹದಿನಾಲ್ಕನೆಯದು ಅಕ್ಕಿಯ ಡ್ರಮ್ಮಿನ ಹಿಂದಿತ್ತು, ಅದು ನನಗೆ ತಿಳಿದದ್ದೇ ಅಂದು. ರಾತ್ರಿ ಎಷ್ಟು ಗಂಟೆಗೆ ಎಲ್ಲವನ್ನೂ ಹಾಕುತ್ತೀರಿ ಎಂಬ ಪ್ರಶ್ನೆಗಂತೂ ಇಬ್ಬರೂ ಮುಖ ಮುಖ ನೋಡಿಕೊಂಡರು. ಹೆಬ್ಬಾಗಿಲನ್ನು ಹಗಲಿನಲ್ಲಿ ಮುಚ್ಚಿದ್ದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆಯೆಂದು ನೆರೆಯವರು ಓಡಿಬರುವ ಊರದು. ಇಷ್ಟಕ್ಕೂ ಮಾಘದ ಕಳ್ಳ ಈ ಹದಿನಾಲ್ಕರಲ್ಲಿ ಒಂದನ್ನೂ ಬಳಸಿರಲಿಲ್ಲ. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ತಯಾರಿಸಲಾರಂಭಿಸಿದ ಹಂಚು ಮಳೆಗೆ ಎಷ್ಟು ಗಟ್ಟಿಯೋ ಕೈಗೆ ಅಷ್ಟೇ ಸಡಿಲ. ಒಂದರ ಕೊಕ್ಕೆಗೆ ಒಂದು ಕೂರುವ ಆ ಹಂಚುಗಳಲ್ಲಿ ನಾಲ್ಕನ್ನು ಮೇಲಕ್ಕೆತ್ತಿದರೆ ಆಳು ಇಳಿಯುವಷ್ಟು ಜಾಗವಾಗುತ್ತದೆ. ಮರ್ಯಾದಸ್ಥನಾದರೆ ಹೋಗುವಾಗ ಮತ್ತೆ ಹೊದಿಸಿಯೂ ಹೋಗಬಹುದು.

ಬಾಗಿಲನ್ನು ನಂಬುವಂತಿಲ್ಲವೆಂದ ಮೇಲೆ, ಒಳಗೆ ನಡೆದಾಡುವವರನ್ನೇ ಹಿಡಿಯುವ ಪಿಐಆರ್ ಸೆನ್ಸರನ್ನು ಯುವಕ ಪರೀಕ್ಷೆಗೆಂದು ಬಿಟ್ಟುಹೋದ. ಬೆಚ್ಚಗಿನ ದೇಹಗಳೆಲ್ಲ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೊರಸೂಸುತ್ತವೆ. ಸೆನ್ಸರಿನ ಮುಂದಿರುವ ಗೀರುಗೀರಾದ ಪ್ಲಾಸ್ಟಿಕ್ ಮಸೂರವು ಕೋಣೆಯನ್ನು ಬೀಸಣಿಗೆಯಂತೆ ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ನೋಡುತ್ತಿರುತ್ತದೆ. ಕಾವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿದೊಡನೆ ಕೂಗೆಬ್ಬಿಸುತ್ತದೆ. ನಾಲ್ಕು ಗೋಡೆ, ಒಂದು ತಾರಸಿ, ಮುಚ್ಚಿದ ಕಿಟಕಿಗಳಿರುವ ಮನೆಯಲ್ಲಿ ಇದಕ್ಕಿಂತ ಜಾಣ ಕಾವಲುಗಾರನಿಲ್ಲ. ತೊಟ್ಟಿಮನೆಯಲ್ಲಿ ಆಕಾಶವೇ ಒಳಗಿರುತ್ತದೆ. ಮೊದಲ ರಾತ್ರಿ ಬಾವಲಿಗಳು ಜಗಲಿಯನ್ನು ಒಂಬತ್ತು ಸಲ ದಾಟಿದವೆಂದು ನಮಗೆ ನಿಖರವಾಗಿ ತಿಳಿಯಿತು. ಅಟ್ಟದಲ್ಲಿ ಬಿಡಾರ ಹೂಡಿದ್ದ ಕಬ್ಬೆಕ್ಕು ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಮರಳುತ್ತದೆಂಬುದೂ ಗೊತ್ತಾಯಿತು. ಸಾಕುಪ್ರಾಣಿ 20 ಕಿಲೋ ತೂಕದವರೆಗಿದ್ದರೆ ಸೆನ್ಸರ್ ಅದನ್ನು ಲೆಕ್ಕಿಸುವುದಿಲ್ಲವೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ಹಗ್ಗ ಬಿಚ್ಚಿಕೊಂಡು ಕೊಟ್ಟಿಗೆಯಿಂದ ಅಂಗಳಕ್ಕೆ ಬಂದ ಕರು ಆ ಮಿತಿಯನ್ನು ಎಂದೋ ಮೀರಿತ್ತು.

ಬೆಳಗಿನ ಜಾವ ಚಿಕ್ಕಮ್ಮ ಬಚ್ಚಲೊಲೆಗೆ ಸೋಗೆ ಒಡ್ಡಿದಾಗ ಭುಗ್ಗೆಂದು ಎದ್ದ ಕಾವನ್ನೂ ಅದು ಕಳ್ಳನೆಂದೇ ತಿಳಿಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಹಲ್ಲಿಯಿಂದ. ಹಲ್ಲಿಯ ಮೈ ತಣ್ಣಗಿದ್ದರೂ, ಮಸೂರದ ಮೇಲೆಯೇ ಅದು ಹರಿದಾಡಿದರೆ ಸೆನ್ಸರಿನ ಪಾಲಿಗೆ ಕೋಣೆಯಿಡೀ ಕದಲಿದಂತಾಗುತ್ತದೆ. ಹಲ್ಲಿ ಲೊಚಗುಟ್ಟುವುದರ ಫಲವನ್ನು ಚಿಕ್ಕಮ್ಮ ಪಂಚಾಂಗದಲ್ಲಿ ಅದುವರೆಗೆ ದಿಕ್ಕಿಗನುಸಾರವಾಗಿ ನೋಡುತ್ತಿದ್ದರು. ಹಲ್ಲಿಯೇ ಸೈರನ್ ಬಾರಿಸಿದರೆ ಯಾವ ಫಲವೆಂಬುದು ಅದರಲ್ಲಿ ಇರಲಿಲ್ಲ. ಅವಕೆಂಪಿನ ಜೊತೆಗೆ ಮೈಕ್ರೋವೇವನ್ನೂ ಬಳಸಿ, ಎರಡೂ ಒಪ್ಪಿದರೆ ಮಾತ್ರ ಕೂಗುವ ದುಬಾರಿ ಸೆನ್ಸರ್ ಇದೆಯೆಂದು ಯುವಕ ಫೋನಿನಲ್ಲಿ ಹೇಳಿದ. ಕರು ಎರಡಕ್ಕೂ ಒಪ್ಪಿಗೆಯಾಗುತ್ತದೆಂದು ತಿಳಿದಮೇಲೆ ಆ ಮಾತನ್ನು ಅಲ್ಲಿಗೇ ಬಿಟ್ಟೆವು. ನಾಲ್ಕನೆಯ ಬೆಳಗ್ಗೆ ಸೆನ್ಸರನ್ನು ಕಳಚಿದಾಗ ಮನೆಯಲ್ಲಿ ನಿದ್ದೆಗೆಟ್ಟ ಕಣ್ಣಿಲ್ಲದೆ ಇದ್ದವನು ಕರಿಯ ಒಬ್ಬನೇ.

ಸೈರನ್ನಿನ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿದೆ. ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಇರುವ ಸದ್ದು, ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತ ಒಂದು ಕಿಲೋಮೀಟರಿಗೆ ಬರುವಷ್ಟರಲ್ಲಿ 50 ಆಗುತ್ತದೆ, ಅಂದರೆ ಸಾಧಾರಣ ಮಾತುಕತೆಗಿಂತಲೂ ಮೆಲ್ಲಗಾಗುತ್ತದೆ. ನಮ್ಮ ಅತಿ ಸಮೀಪದ ನೆರೆಮನೆ ಇರುವುದು ಒಂದು ಕಿಲೋಮೀಟರ್ ಆಚೆ. ಅದೂ ನಡುವೆ ಗುಡ್ಡವಿಲ್ಲದ, ಮರವಿಲ್ಲದ, ಹಂಚಿನ ಮೇಲೆ ಆಷಾಢದ ಮಳೆ ಬಾರಿಸದ ಬಯಲಿನ ಲೆಕ್ಕ.

“ಹಾಗಾದ್ರೆ ಇದನ್ನ ಕೇಳಿಸ್ಕೊಳ್ಳೋರು ನಾವು ಮತ್ತೆ ಕಳ್ಳ, ಇಷ್ಟೇ ಜನ ಅಂತಾಯ್ತು” ಎಂದರು ಚಿಕ್ಕಪ್ಪ.

“ಹೌದು ಚಿಕ್ಕಪ್ಪ.”

“ಕಳ್ಳನಿಗೆ ಅವ್ನು ಬಂದಿದ್ದು ಮೊದ್ಲೇ ಗೊತ್ತಿರುತ್ತಲ್ಲ ಮಾರಾಯ.”

ಸಿಮ್ ಹಾಕಿದ ಉಪಕರಣ ನನಗೇ ಕರೆ ಮಾಡಲಿ ಎಂಬ ಉಪಾಯವೂ ಹೆಚ್ಚು ಕಾಲ ಬದುಕಲಿಲ್ಲ. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಈಶಾನ್ಯ ಮೂಲೆಯ ಒಂದು ಮೊಳೆಯ ಸುತ್ತ ಮಾತ್ರ. ಎಲ್ಲರ ಮೊಬೈಲುಗಳೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಅಲ್ಲೇ ನೇತಾಡುತ್ತವೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನಲ್ಲಿ ನನಗೆ ಎಚ್ಚರವಾಗಿ, ನಾನು ಚಿಕ್ಕಪ್ಪನಿಗೆ ಫೋನು ಮಾಡಿದರೆ, ಆ ಹೊತ್ತಿಗೆ ಮೊಳೆಯ ಬಳಿ ಇರುವವನು ಕಳ್ಳನೇ. ಅವನು ಫೋನೆತ್ತಿ ಚಿಕ್ಕಪ್ಪನನ್ನು ಕರೆದುಕೊಡುವಷ್ಟು ಸಜ್ಜನನಾಗಿದ್ದರೆ ನಮಗೆ ಅಲಾರಮ್ಮೇ ಬೇಕಿರಲಿಲ್ಲ.

ಹೀಗೆ ಸುತ್ತಿ ಬಳಸಿ ನಾವು ತಲುಪಿದ್ದು ಅತ್ಯಂತ ಹಳೆಯ ಉಪಾಯಕ್ಕೆ. ಅಮೆರಿಕದ ಅಗಸ್ಟಸ್ ಪೋಪ್ ಎಂಬವರು 1853ರ ಜೂನ್ 21ರಂದು ಪೇಟೆಂಟ್ ಪಡೆದ ಸಲಕರಣೆಯಲ್ಲಿ, ಬಾಗಿಲು ತೆರೆದರೆ ವಿದ್ಯುತ್ ಹರಿದು ಗಂಟೆ ಬಾರಿಸುತ್ತಿತ್ತು. ಈಗಿನದು ಇದಕ್ಕೆ ತಿರುಗುಮುರುಗು: ವಿದ್ಯುತ್ ಸದಾ ಹರಿಯುತ್ತಿರುತ್ತದೆ, ಅದು ನಿಂತರೆ ಕೂಗು ಏಳುತ್ತದೆ. ಆದ್ದರಿಂದ ಕಳ್ಳ ವೈರು ಕತ್ತರಿಸಿದರೂ ಸಿಕ್ಕಿಬೀಳುತ್ತಾನೆ. ಹೆಗ್ಗಣ ಕಡಿದರೂ ಅದಕ್ಕೆ ಅದೇ ಮರ್ಯಾದೆ ಎಂಬ ಕಾರಣಕ್ಕೆ ವೈರನ್ನು ಕಬ್ಬಿಣದ ಪೈಪಿನೊಳಗೆ ಎಳೆಸಿದೆವು. ಬಾಗಿಲ ಚೌಕಟ್ಟಿಗೆ ಒಂದು ರೀಡ್ ಸ್ವಿಚ್, ಕದಕ್ಕೆ ಒಂದು ಅಯಸ್ಕಾಂತ. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಸ್ವಿಚ್ಚು ಗಾಜಿನ ಪುಟ್ಟ ನಳಿಗೆಯೊಳಗಿನ ಎರಡು ಲೋಹದ ಎಳೆಗಳಷ್ಟೇ. ಅಯಸ್ಕಾಂತ ಹತ್ತಿರವಿದ್ದರೆ ಎಳೆಗಳು ಕೂಡಿರುತ್ತವೆ, ದೂರವಾದರೆ ಅಗಲುತ್ತವೆ. ಬಾವಲಿ, ಕರು, ಹಲ್ಲಿಗಳಿಗೆ ಇದರಲ್ಲಿ ಕೆಲಸವಿಲ್ಲ. ಮಳೆಗಾಲದಲ್ಲಿ ಹಲಸಿನ ಮರದ ಕದ ಉಬ್ಬಿ ಎರಡು ಬೆರಳು ತೆರೆದೇ ನಿಲ್ಲುವುದರಿಂದ ಬಡಗಿಯನ್ನು ಕರೆಸಿ ಉಜ್ಜುಕೊರಡು ಹಿಡಿಸಬೇಕಾಯಿತು, ಅಷ್ಟೇ. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯೊಂದನ್ನು ಕೂಡಿಸಿದೆವು. ಸುಮ್ಮನಿರುವಾಗ ಯಂತ್ರ 50 ಮಿಲಿಆಂಪಿಯರ್ ಕುಡಿದರೂ ಲೆಕ್ಕದ ಪ್ರಕಾರ ಐದು ದಿನ ಕರೆಂಟಿನ ಹಂಗಿಲ್ಲ. ನಮ್ಮಲ್ಲಿ ಗಾಳಿಮಳೆಗೆ ಕಂಬ ಬಿದ್ದರೆ ಅಷ್ಟಾದರೂ ಬೇಕು.

ಹದಿನಾಲ್ಕು ಬಾಗಿಲಿನ ಗೊಡವೆ ಬಿಟ್ಟು, ಹಂಚಿಳಿದು ಬಂದವನೂ ಕೊನೆಗೆ ತೆರೆಯಲೇಬೇಕಾದ ಎರಡು ಬಾಗಿಲುಗಳನ್ನಷ್ಟೇ ಕಾಯೋಣವೆಂದೆ: ಅಡಿಕೆ ಕೋಣೆ ಮತ್ತು ಕಂಚು ತಾಮ್ರದ ಪಾತ್ರೆಗಳಿರುವ ಉಗ್ರಾಣ. ಅಡಿಕೆ ಕೋಣೆಗೆ ಕೂಡಲೇ ಒಪ್ಪಿದ ಚಿಕ್ಕಪ್ಪ ಉಗ್ರಾಣಕ್ಕೆ ಮಾತ್ರ ಬಲವಾಗಿ ಅಡ್ಡಿಪಡಿಸಿದರು. ದಂಡದ ಖರ್ಚೆಂದರು, ಇಲಿಗೆ ಹೆದರಿಕೆಯಾಗುತ್ತದೆ ಎಂದೂ ಹೇಳಿದರು. ಅದುವರೆಗೆ ಚರ್ಚೆಯಲ್ಲಿ ಆಸಕ್ತಿ ತೋರದಿದ್ದ ಚಿಕ್ಕಮ್ಮ, ಒಂದೇ ಬಾಗಿಲಿಗೆ ಹಾಕುವುದಾದರೆ ಅದು ಉಗ್ರಾಣಕ್ಕೇ ಇರಲಿ ಎಂದು ಪಟ್ಟು ಹಿಡಿದರು. ಸೋತ ಮೇಲೆ ಚಿಕ್ಕಪ್ಪ ಬಹಳ ವಿನಯದಿಂದ, ಕಳ್ಳನಾದವನು ಈ ಸ್ವಿಚ್ಚನ್ನು ಹೇಗೆ ಮೋಸಗೊಳಿಸಬಹುದು ಎಂದು ವಿಚಾರಿಸಿದರು. ಅವರಿಗೆ ತಂತ್ರಜ್ಞಾನದಲ್ಲಿ ಕುತೂಹಲ ಮೂಡಿತೆಂಬ ಸಂತೋಷದಲ್ಲಿ ನಾನು, ಬೇರೊಂದು ಅಯಸ್ಕಾಂತವನ್ನು ಚೌಕಟ್ಟಿಗೆ ಒತ್ತಿ ಹಿಡಿದರೆ ಬಾಗಿಲು ತೆರೆದದ್ದು ಸ್ವಿಚ್ಚಿಗೆ ತಿಳಿಯುವುದಿಲ್ಲವೆಂಬುದನ್ನು ಚಿತ್ರ ಬರೆದು ವಿವರಿಸಿದೆ.

ನಾನು ಬೆಂಗಳೂರಿಗೆ ಹೊರಡಬೇಕಿದ್ದ ಹಿಂದಿನ ರಾತ್ರಿ, ಒಂದೂವರೆ ಗಂಟೆಗೆ ಮನೆಯ ಹಂಚೆಲ್ಲ ಹಾರಿಹೋಗುವಂತೆ ಸೈರನ್ ಕೂಗಿತು. ಹಲಗೆಗಳ ಸದ್ದು ಅದಕ್ಕೂ ಮೊದಲು ಸ್ವಲ್ಪವೂ ಆಗಿರಲಿಲ್ಲ. ಒನಕೆ ಹಿಡಿದು ಓಡಿ ದೀಪ ಹಾಕಿದೆ. ಉಗ್ರಾಣದ ಅರೆತೆರೆದ ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದರು. ಒಂದು ಕೈಯಲ್ಲಿ ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಇನ್ನೊಂದರಲ್ಲಿ ಹೊಸ ಟಾರ್ಚು. ಅಯಸ್ಕಾಂತವನ್ನು ಎಲ್ಲಿ ಒತ್ತಬೇಕೆಂಬುದನ್ನು ನಾನು ಚಿತ್ರದಲ್ಲಿ ಸ್ವಲ್ಪ ಮೇಲಕ್ಕೆ ತೋರಿಸಿದ್ದೆನೆಂದು ಅವರು ನನ್ನನ್ನೇ ಆಕ್ಷೇಪಿಸಿದರು. ಟಾರ್ಚಿನ ಬೆಳಕು ಎದುರಿನ ಗೂಡಿನಲ್ಲಿದ್ದ ಜೋನಿ ಬೆಲ್ಲದ ಡಬ್ಬಿಯ ಮೇಲೆ ಬಿದ್ದಿತ್ತು.

ಸೈರನ್ ಆರಿಸುವುದಕ್ಕಾಗಿ ನಾನು ಕೀಲಿ ಹುಡುಕುತ್ತಿರುವಾಗ, ಮಲಗಿದಲ್ಲಿಂದ ಏಳುವ ಗೋಜಿಗೂ ಹೋಗದ ಚಿಕ್ಕಮ್ಮನ ಧ್ವನಿ ಆ 110 ಡೆಸಿಬೆಲ್ಲನ್ನೂ ಮೀರಿಸಿ ಕೇಳಿಬಂತು:

“ಆಯ್ತಲ್ಲ, ಡಬ್ಬಿ ಮುಚ್ಚಳ ಸರಿಯಾಗಿ ಹಾಕಿ ಬನ್ನಿ. ನಿನ್ನೆನೂ ಇರುವೆ ಹತ್ತಿತ್ತು.”