ದೋಣಿಯ ಜಾತಕ

ನಾನು ಹಿರಿಯೂರಿನವನು. ನಮ್ಮೂರ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬೀಳಲು 2022 ಬರಬೇಕಾಯಿತು. ಅಂಥ ಸೀಮೆಯವನಿಗೆ ಹಾಯಿದೋಣಿಯ ಹುಚ್ಚು ಎಲ್ಲಿಂದ ಅಂಟಿತೆಂದು ಹೊನ್ನಾವರದ ನನ್ನ ಹೆಂಡತಿ ಇಂದಿಗೂ ಕೇಳುತ್ತಾಳೆ. ಅವಳ ಪಾಲಿಗೆ ದೋಣಿಯೆಂದರೆ ಮೀನು ತರುವ ವಸ್ತು. ಮೀನಿಲ್ಲದೆ ಹೋಗಿ ಮೀನಿಲ್ಲದೆ ಬರುವುದಕ್ಕೂ ದೋಣಿ ಬೇಕೇ ಎಂಬುದು ಅವಳ ತಕರಾರು.

ನಾವಿರುವುದು ಡೆಟ್ರಾಯಿಟ್ ಪಕ್ಕದಲ್ಲಿ. ಕಾರಿನ ಬಿಡಿಭಾಗ ಯಾವ ವರ್ಷದ ಮಾದರಿಯಲ್ಲಿ ಹೇಗೆ ಬದಲಾಯಿತು ಎಂದು ಕೋಷ್ಟಕ ಹಾಕುವುದೇ ನನ್ನ ಹೊಟ್ಟೆಪಾಡು. ಹೀಗಾಗಿ ಹಳೆಯದೊಂದು ಕ್ಯಾಟಲಿನಾ 22 ಹಾಯಿದೋಣಿ ಕೊಳ್ಳೋಣ ಎನ್ನಿಸಿದಾಗ, ದೋಣಿಗಿಂತ ಮೊದಲು ತೆರೆದದ್ದು ಕೋಷ್ಟಕವನ್ನು. 1970ರ ಆಸುಪಾಸಿನಿಂದ ಹದಿನೈದು ಸಾವಿರಕ್ಕೂ ಹೆಚ್ಚು ನೀರಿಗಿಳಿದ ದೋಣಿ ಅದು. 1986ರಲ್ಲಿ ಒಂದು ದೊಡ್ಡ ಮಾರ್ಪಾಡು, 1995ರಲ್ಲಿ ಇನ್ನೊಂದು. ಚಿಲ್ಲರೆ ತಿದ್ದುಪಡಿಗಳನ್ನೂ ಸೇರಿಸಿ ನನ್ನ ಕೋಷ್ಟಕ ನಲವತ್ತೊಂದು ಸಾಲಿಗೆ ಬೆಳೆಯಿತು.

ಅದರಲ್ಲಿ ನನ್ನ ಮನಸ್ಸು ಕದ್ದದ್ದು 1986ರ ಒಂದು ಸುಧಾರಣೆ: ಪೆಟ್ರೋಲ್ ಡಬ್ಬಿಗೆಂದೇ ಪ್ರತ್ಯೇಕ ಗೂಡು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಒಳಗೆ ಸೋರಿತೆಂದರೆ ದೋಣಿಯ ತಳದಲ್ಲಿ ಹೋಗಿ ಕುಳಿತು ಕಿಡಿಗಾಗಿ ಕಾಯುತ್ತದೆ. ಪ್ರತ್ಯೇಕ ಗೂಡಾದರೆ ಆ ಭಯವಿಲ್ಲ. ಮೂರು ತಿಂಗಳು ಊಟದ ಹೊತ್ತಿಗೆಲ್ಲ ಇದೇ ಉಪನ್ಯಾಸ. ಮಧ್ಯೆ 1978ರ ದೋಣಿಯೊಂದು 1,800 ಡಾಲರಿಗೆ ಬಂದಿತ್ತು. ಮಾಲೀಕ ಮಗುವಿನಂತೆ ನೋಡಿಕೊಂಡಿದ್ದ. ಗೂಡಿಲ್ಲ ಎಂಬ ಒಂದೇ ಕಾರಣಕ್ಕೆ ಬೇಡವೆಂದೆ. ಆಮೇಲೆ ಸಿಕ್ಕಿತು 1986ರದು, 3,900 ಡಾಲರ್.

ಅದು ನಿಜಕ್ಕೂ 1986ರದೇ ಹೌದೇ? ಅಮೆರಿಕದಲ್ಲಿ 1972ರ ನವೆಂಬರಿನಿಂದ ಈಚೆಗೆ ತಯಾರಾದ ದೋಣಿಗಳ ಹಿಂಬದಿಯಲ್ಲಿ ಹನ್ನೆರಡು ಅಕ್ಷರ-ಅಂಕೆಗಳ ಗುರುತೊಂದಿರುತ್ತದೆ. ಅದೇ ದೋಣಿಯ ಜಾತಕ. ಹಳೆಯ ಒಂದು ಪದ್ಧತಿಯಲ್ಲಿ ಕೊನೆಯ ‘ಎ’ ಎಂದರೆ ಆಗಸ್ಟ್, 1984ರಿಂದೀಚಿನ ಪದ್ಧತಿಯಲ್ಲಿ ತಿಂಗಳ ಜಾಗದ ‘ಎ’ ಎಂದರೆ ಜನವರಿ. ಚಾಂದ್ರಮಾನ, ಸೌರಮಾನದ ತಂಟೆ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ! ಮಾರುವವನ ಅಂಗಳದಲ್ಲಿ, ಟ್ರೇಲರಿನ ಮೇಲೆ ಕುಳಿತ ದೋಣಿಯ ಹಿಂದೆ ಮೊಣಕಾಲೂರಿ, ಟಾರ್ಚ್ ಹಿಡಿದು, ಮಾಸಿದ ಗುರುತಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದೆ. ಕೊನೆಯ ನಾಲ್ಕು ಮೂಡಿದವು: ಕೆ586. ಕೆ ಎಂದರೆ ನವೆಂಬರ್, 5 ಎಂದರೆ 1985, ಮಾದರಿಯ ವರ್ಷ 86. ಹುಟ್ಟಿದ್ದು ಹಿಂದಿನ ಸಂವತ್ಸರದಲ್ಲಿ, ಲೆಕ್ಕ ಮುಂದಿನದರಲ್ಲಿ. ಗಣ, ಗೋತ್ರ ಎಲ್ಲ ಕೂಡಿಬಂದ ಸಂತೋಷದಲ್ಲಿ ಅಲ್ಲೇ ಹಣ ಎಣಿಸಿದೆ. ಟ್ರೇಲರಿನ ಟೈರು ಆಗ ನನ್ನ ಮೂಗಿನಿಂದ ಎರಡು ಗೇಣು ದೂರದಲ್ಲಿತ್ತು.

ಆ ಟೈರು ಹೆದ್ದಾರಿ 94ರಲ್ಲಿ ಸಿಡಿಯಿತು. ಒಂದು ಟನ್ನಿಗೂ ಹೆಚ್ಚು ತೂಕದ ದೋಣಿ ವಾಲಿಕೊಂಡು ರಸ್ತೆಬದಿಗೆ ನಿಂತಿತು. ನೆರವಿಗೆ ಬಂದ ಹುಡುಗ ಏನೂ ಮಾತಾಡದೆ ಟೈರಿನ ಪಕ್ಕೆಯಲ್ಲಿ ಬೆರಳಿಟ್ಟು ತೋರಿಸಿದ: 1409. ಅಂದರೆ 2009ರ ಹದಿನಾಲ್ಕನೆಯ ವಾರ. ನಮ್ಮ ಮಗಳಿಗಿಂತ ಎರಡು ವರ್ಷ ಹಿರಿದು. ಹನ್ನೆರಡು ಅಕ್ಷರದ ಜಾತಕ ಓದಿದವನಿಗೆ ಈ ನಾಲ್ಕು ಅಂಕೆ ಕಾಣಲಿಲ್ಲ.

“ರೀ, ಇದು ನಿಮ್ಮ ಕೋಷ್ಟಕದಲ್ಲಿ ಎಷ್ಟನೆಯ ಸಾಲು?” ಎಂದಳು ಹೆಂಡತಿ.

ಮೂರು ವಾರದ ಬಳಿಕ ಸೇಂಟ್ ಕ್ಲೇರ್ ಸರೋವರಕ್ಕೆ ಇಳಿದೆವು. ಸರಾಸರಿ ಆಳ ಹನ್ನೊಂದೇ ಅಡಿ. ದಡದ ಬಳಿ ಅದೂ ಇಲ್ಲ. ನಮ್ಮ ದೋಣಿಯ ತಳದಲ್ಲಿ ಸುಮಾರು 250 ಕಿಲೋ ತೂಗುವ ಕಬ್ಬಿಣದ ಹಲಗೆಯೊಂದಿದೆ. ಇಂಗ್ಲಿಷಿನವರು ಅದನ್ನು ಕೀಲ್ ಎನ್ನುತ್ತಾರೆ. ಅದು ತೂಗಾಡುವುದೂ ಒಂದು ಕೀಲಿನ ಮೇಲೆಯೇ. ಮೇಲೆತ್ತಿದರೆ ದೋಣಿಗೆ ಎರಡು ಅಡಿ ನೀರು ಸಾಕು, ಇಳಿಬಿಟ್ಟರೆ ಐದು ಅಡಿ ಬೇಕು. ಹಾಯಿಗೆ ಗಾಳಿ ತುಂಬಿದಾಗ ಆ ಹಲಗೆಯನ್ನು ಹಿಡಿದ ಉಕ್ಕಿನ ತಂತಿ ತಂಬೂರಿಯಂತೆ ಗುಂಯ್‌ಗುಡುತ್ತದೆ. ಕಣ್ಣುಮುಚ್ಚಿ ಆ ಶ್ರುತಿ ಕೇಳುತ್ತಿದ್ದೆ. ಶ್ರುತಿ ನಿಂತಿತು. ದೋಣಿಯೂ ನಿಂತಿತು.

ಹೀಗೆ ಕೆಸರಿನಲ್ಲಿ ನಾಟಿಕೊಂಡಿದ್ದಾಗಲೇ ಹಿರಿಯೂರಿನಿಂದ ಅಮ್ಮನ ಫೋನು.

“ಆಮೇಲೆ ಮಾತಾಡುತ್ತೇನಮ್ಮ, ಕೀಲು ಹಿಡಿದುಕೊಂಡಿದೆ.”

“ಯಾವ ಕೀಲಪ್ಪ? ಮಂಡಿಯದೋ, ಸೊಂಟದ್ದೋ?”

“ದೋಣಿಯದು.”

“ದೋಣಿಗೆ ಯಾಕೆ ಹತ್ತಿದೆ ಈ ವಯಸ್ಸಿನಲ್ಲಿ? ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೋ. ತಣ್ಣೀರು ಮುಟ್ಟಬೇಡ.”

ಸುತ್ತ ನೂರಾರು ಚದರ ಕಿಲೋಮೀಟರ್ ತಣ್ಣೀರು. ನಾನು ಮೋಟಾರು ಚಾಲೂ ಮಾಡಿ, ಹಿಂದಕ್ಕೆ ಮುಂದಕ್ಕೆ ನೂಕಿ, ಕೆಸರನ್ನಷ್ಟೇ ಕಡೆಯುತ್ತಿದ್ದೆ. ಹೆಂಡತಿ ಶಾಂತವಾಗಿ, “ಹಲಗೆ ಎತ್ತಿದರೆ ಸಾಕಲ್ಲವೇ?” ಎಂದಳು. ಹೌದಲ್ಲ! ಒಳಗಿಳಿದು, ಮೆಟ್ಟಿಲ ಕೆಳಗೆ ಬಗ್ಗಿ ಕುಳಿತು, ಬಾವಿಯಿಂದ ನೀರು ಸೇದುವವನಂತೆ ಹಿಡಿಕೆ ತಿರುಗಿಸಿದೆ. ದೋಣಿ ಮೆಲ್ಲಗೆ ತೇಲಿತು. ಏಳಲು ಹೋದಾಗ ಸೊಂಟ ಹಿಡಿದುಕೊಂಡಿತು. ಆ ರಾತ್ರಿ ಎಳ್ಳೆಣ್ಣೆ ಬೆಚ್ಚಗೆ ಮಾಡಿದ್ದು ಹೌದು, ಅಮ್ಮನಿಗೆ ಹೇಳಿಲ್ಲ.

ಇನ್ನು ಆ ಗೂಡು. ದೋಣಿಯ ಜೊತೆ ಬಂದ ಪುಟ್ಟ ಮೋಟಾರಿಗೆ ಪೆಟ್ರೋಲ್ ತೊಟ್ಟಿ ಅದರ ಹೊಟ್ಟೆಯಲ್ಲೇ ಇದೆ. ಪ್ರತ್ಯೇಕ ಡಬ್ಬಿಯೇ ಬೇಕಿಲ್ಲ. 2,100 ಡಾಲರ್ ಹೆಚ್ಚು ತೆತ್ತು ತಂದ ಗೂಡು ಒಂದು ತಿಂಗಳು ಖಾಲಿ ಬಿದ್ದಿತ್ತು. ಈಗ ಹೆಂಡತಿ ಅದರಲ್ಲಿ ಮಜ್ಜಿಗೆಯ ಕ್ಯಾನು ಇಡುತ್ತಾಳೆ. ಅಳತೆ ಮಾಡಿಸಿದ ಹಾಗೆ ಕೂರುತ್ತದೆ, ದೋಣಿ ಎಷ್ಟು ವಾಲಿದರೂ ಅಲುಗುವುದಿಲ್ಲ.

“ಸೋರಿದರೂ ಭಯವಿಲ್ಲ,” ಎನ್ನುತ್ತಾಳೆ, “ಕಿಡಿ ಹತ್ತುವುದಿಲ್ಲ.”